ಫೆಬ್ರವರಿಯಲ್ಲಿ ನೋಡಿದ ಸಮುದ್ರ

ಮೊನ್ನೆ ನಮ್ಮ ಆರ್ಕಿಟೆಕ್ಟ್ ಆಫೀಸಿನ ಸರ್ವರ್ ತುಂಬಿತು ಅಂತ ಹಳೇ ಫೋಲ್ಡರ್‌ಗಳನ್ನು ಖಾಲಿ ಮಾಡುತ್ತಿದ್ದೆ. ಒಂದು ರೆಂಡರ್ ಸಿಕ್ಕಿತು, ಕಟ್ಟುವ ಮೊದಲೇ ಮನೆ ಹೇಗೆ ಕಾಣುತ್ತದೆ ಅಂತ ಕ್ಲೈಂಟಿಗೆ ತೋರಿಸುವ ಕಂಪ್ಯೂಟರ್ ಚಿತ್ರ. ಮುಳುಗುವ ಸೂರ್ಯ, ಗಾಜಿನ ಗೋಡೆ, ಕಡಲಿನತ್ತ ಚಾಚಿಕೊಂಡ ಡೆಕ್. ಡೆಕ್ಕಿನ ತುದಿಯಲ್ಲಿ ವೈನ್ ಗ್ಲಾಸ್ ಹಿಡಿದ ಒಬ್ಬ ಫಾರಿನ್ ಹೆಂಗಸು. ಉಳ್ಳಾಲದ ದಕ್ಷಿಣಕ್ಕಿರುವ ಮೀನುಗಾರರ ಓಣಿಗೆ ಅವಳು ಯಾಕೆ ಬಂದಳೋ ಗೊತ್ತಿಲ್ಲ. ನಮ್ಮ ಎಲ್ಲ ರೆಂಡರ್‌ಗಳಲ್ಲೂ ಅವಳೇ ಇರುತ್ತಾಳೆ.

ಆ ಡೆಕ್ ನನ್ನ ಐಡಿಯಾ. ಅದಕ್ಕೇ ಡಿಲೀಟ್ ಒತ್ತುವಾಗ ಸ್ವಲ್ಪ ಹೊತ್ತು ಕೈ ನಿಂತಿತು.

ಕ್ಲೈಂಟ್ ದುಬೈಯಲ್ಲಿ ಇಪ್ಪತ್ತು ವರ್ಷ ದುಡಿದು ವಾಪಸ್ ಬಂದವರು. ಹದಿನೆಂಟು ಸೆಂಟ್ಸ್ ಜಾಗ, ಓಣಿಯಿಂದ ಕಡಲಿನ ತನಕ ಉದ್ದಕ್ಕೆ ಬಿದ್ದುಕೊಂಡಿತ್ತು. ಅದರಲ್ಲೊಂದು ಹಳೇ ಹಂಚಿನ ಮನೆ. ಮುರಕಲ್ಲಿನ ಗೋಡೆ, ತಗ್ಗು ಮಾಡು, ಮುಖ ಓಣಿ ಕಡೆಗೆ. ಕಡಲಿನ ಕಡೆಗೆ ಇದ್ದದ್ದು ಒಂದೇ ಸಣ್ಣ ಕಿಟಕಿ. "ಇಷ್ಟು ಒಳ್ಳೇ ವ್ಯೂ ಇಟ್ಟುಕೊಂಡು ಬೆನ್ನು ತಿರುಗಿಸಿ ಕಟ್ಟಿದ್ದಾರಲ್ಲ ಮಾರಾಯ್ರೆ" ಅಂತ ಕ್ಲೈಂಟ್ ನಕ್ಕರು. ನಾನೂ ನಕ್ಕೆ.

ಅದು 2020ರ ಫೆಬ್ರವರಿ. ಗಡಿಕಲ್ಲಿನಿಂದ ನೀರಿನ ತನಕ ಹೆಜ್ಜೆ ಹಾಕಿ ಅಳೆದೆ. ಎಪ್ಪತ್ತು ಹೆಜ್ಜೆ. ಮರಳಿನ ಮೇಲೆ ನೇರಳೆ ಹೂವಿನ ಬಳ್ಳಿ ಹಬ್ಬಿತ್ತು, ಮಕ್ಕಳು ಕ್ರಿಕೆಟ್ ಆಡುತ್ತಿದ್ದರು, ಸಮುದ್ರ ಕೆರೆಯ ಹಾಗೆ ಮಲಗಿತ್ತು. ಪಕ್ಕದ ಮನೆಯ ಅಜ್ಜಿ ಒಣಮೀನು ತಿರುವಿ ಹಾಕುತ್ತಾ ನನ್ನ ಅಳತೆಯನ್ನೇ ನೋಡುತ್ತಿದ್ದರು. "ಆಟಿಯಲ್ಲಿ ಬನ್ನಿ, ಆಗ ಅಳೆಯಿರಿ" ಅಂದರು. ಆಟಿ ಅಂದರೆ ಜುಲೈ–ಆಗಸ್ಟ್, ಮಳೆ ಜೋರು. ಆಯ್ತಜ್ಜಿ ಅಂದೆ. ಸೈಟ್ ನೋಟ್ಸಿನಲ್ಲಿ "ಬೀಚ್ ಸುಮಾರು 50 ಮೀಟರ್" ಅಂತ ಬರೆದೆ. ಅಜ್ಜಿಯ ಮಾತನ್ನು ಬರೆಯಲಿಲ್ಲ.

ಆಗ 2011ರ ಸಿಆರ್‌ಜೆಡ್ ನಿಯಮವೇ, ಅಂದರೆ ಕಡಲ ದಡದಲ್ಲಿ ಎಲ್ಲಿ ಏನು ಕಟ್ಟಬಹುದು ಅಂತ ಹೇಳುವ ಕರಾವಳಿ ನಿಯಂತ್ರಣ ವಲಯದ ನಿಯಮವೇ, ನಡೆಯುತ್ತಿತ್ತು. 2019ರಲ್ಲಿ ಹೊಸದು ಬಂದಿದ್ದರೂ ಅದಕ್ಕೆ ಬೇಕಾದ ನಮ್ಮ ಕರಾವಳಿ ನಕ್ಷೆಗೆ ಇನ್ನೂ ಒಪ್ಪಿಗೆ ಸಿಕ್ಕಿರಲಿಲ್ಲ. ಹಳ್ಳಿ ಕಡೆ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿರಲಿಲ್ಲ. ಹಳೇ ಮನೆ ಇದ್ದರೆ ಅದೇ ಪ್ಲಿಂತ್ ಏರಿಯಾದಲ್ಲಿ, ಅಂದರೆ ಹಳೇ ತಳಪಾಯದಷ್ಟೇ ಜಾಗದಲ್ಲಿ, ಮತ್ತೆ ಕಟ್ಟಬಹುದಿತ್ತು. ಹಾಗಾಗಿ ನಮ್ಮ ಫೈಲಿನ ಮೇಲೆ "ರೀಕನ್ಸ್ಟ್ರಕ್ಷನ್" ಅಂತ ಬಂತು. ಹಿಂದಿನ ತಿಂಗಳಷ್ಟೇ, ಜನವರಿ 11 ಮತ್ತು 12ಕ್ಕೆ, ಕೊಚ್ಚಿಯ ಮರಡಿನಲ್ಲಿ ಹಿನ್ನೀರಿನ ದಡದ ನಾಲ್ಕು ಅಪಾರ್ಟ್‌ಮೆಂಟ್‌ಗಳನ್ನು ಸಿಆರ್‌ಜೆಡ್ ಮುರಿದದ್ದಕ್ಕೆ ಸುಪ್ರೀಂ ಕೋರ್ಟ್ ಆದೇಶದಂತೆ ಸ್ಫೋಟಿಸಿ ಬೀಳಿಸಿದ್ದರು. ಆ ವಿಡಿಯೋ ನಾವೆಲ್ಲ ಆಫೀಸಿನಲ್ಲೇ ಚಹಾ ಕುಡಿಯುತ್ತಾ ನೋಡಿದ್ದೆವು. "ಅದು ಬೇರೆ, ನಮ್ಮದು ಬೇರೆ" ಅಂದರು ಬಾಸ್.

ಪ್ಲಿಂತ್ ಬೆಳೆಸುವ ಹಾಗಿಲ್ಲ, ಆದರೆ ಕ್ಲೈಂಟಿಗೆ ಕಣ್ಣು ಕುಕ್ಕುವ ಮನೆ ಬೇಕು. ಆಗ ನಾನು ಜಾಣ ಆದೆ. ಮನೆ ಹಳೇ ಜಾಗದಲ್ಲೇ ಇರಲಿ, ಅದರಿಂದ ಒಂಬತ್ತು ಮೀಟರ್ ಮುಂದೆ ಎರಡು ಕಾಲಮ್, ಅದರ ಮೇಲಿಂದ ನಾಲ್ಕೂವರೆ ಮೀಟರ್ ಕ್ಯಾಂಟಿಲಿವರ್, ಅಂದರೆ ತುದಿಗೆ ಆಧಾರ ಇಲ್ಲದೆ ಚಾಚಿದ ಡೆಕ್. ಪಂಚಾಯತಿಗೆ ಕೊಟ್ಟ ಡ್ರಾಯಿಂಗಿನಲ್ಲಿ ಇದನ್ನು "ಗಾರ್ಡನ್ ಸಿಟೌಟ್" ಅಂತ ಚುಕ್ಕೆ ಗೆರೆಯಲ್ಲಿ ತೋರಿಸಿದೆವು. ಆ ಹೆಸರು ಬಾಸ್‌ದು. ಚುಕ್ಕೆ ಗೆರೆ ನಂದು.

ಬಾಸ್ ಟೇಬಲಿನ ಹಿಂದೆ ಒಂದು ದೊಡ್ಡ ಫೋಟೋ ಉಂಟು. ಅಮೆರಿಕದ ಇಲಿನಾಯ್‌ನಲ್ಲಿರುವ ಫಾರ್ನ್ಸ್‌ವರ್ತ್ ಹೌಸ್. ಮೀಸ್ ವಾನ್ ಡೆರ್ ರೋ ಡಿಸೈನ್, 1951ರಲ್ಲಿ ಮುಗಿದದ್ದು. ನದಿ ದಡದಲ್ಲಿ ಬಿಳಿ ಸ್ಟೀಲ್ ಮತ್ತು ಗಾಜಿನ ಪೆಟ್ಟಿಗೆ, ನೆಲದಿಂದ ಐದು ಅಡಿ ಎತ್ತರದಲ್ಲಿ ತೇಲಿದ ಹಾಗೆ. ಕ್ಲೈಂಟ್ ಬಂದಾಗಲೆಲ್ಲ ಅದನ್ನು ತೋರಿಸಿಯೇ ಮಾತು ಶುರು. ಆ ಮನೆಗೆ 1954ರಲ್ಲೇ ನೆರೆ ನುಗ್ಗಿತ್ತು, 1996ರ ನೆರೆಯಲ್ಲಿ ಗಾಜೂ ಒಡೆಯಿತು, 2008ರಲ್ಲಿ ಮತ್ತೆ ನೀರು ಬಂತು. ಇದನ್ನು ಬಾಸ್ ಹೇಳುತ್ತಿರಲಿಲ್ಲ. ಕಾಲೇಜಿನಲ್ಲಿ ಓದಿದ್ದ ನಾನೂ ನೆನಪಿಸಲಿಲ್ಲ.

ಆಮೇಲೆ ಕೋವಿಡ್. 2020ರ ಮಳೆಗಾಲ ಪೂರ್ತಿ ಒಬ್ಬರೂ ಸೈಟಿಗೆ ಹೋಗಲಿಲ್ಲ. ಲಾಕ್‌ಡೌನ್ ಅಂತ ನೆಪ ಇತ್ತು, ಆದರೆ ಜುಲೈಯಲ್ಲಿ ಹೋಗಬಹುದಿತ್ತು. ಸುಮ್ನೆ ಹೋಗಲಿಲ್ಲ. 2021ರ ಜನವರಿಯಲ್ಲಿ ಹೋದಾಗ ಬೀಚ್ ಮತ್ತೆ ಅಷ್ಟೇ ಅಗಲ. ನಮ್ಮ ಕಡೆ ಹಾಗೇ ಅಲ್ವಾ, ಮಳೆಗಾಲದ ತೆರೆಗಳು ಎಳೆದುಕೊಂಡು ಹೋದ ಮರಳನ್ನು ಬೇಸಿಗೆಯ ಸಣ್ಣ ತೆರೆಗಳು ನಿಧಾನಕ್ಕೆ ತಂದು ಸುರಿಯುತ್ತವೆ. ನೋಡಲು ಹೋದವರಿಗೆ ಏನೂ ಆಗಿಯೇ ಇಲ್ಲ ಅನಿಸುತ್ತದೆ.

ಮಾರ್ಚಿಗೆ ಕೆಲಸ ಶುರು ಆಯಿತು. ಸ್ಟ್ರಕ್ಚರಲ್ ಇಂಜಿನಿಯರ್ ಎಂ35 ದರ್ಜೆಯ ಕಾಂಕ್ರೀಟ್, 50 ಎಂಎಂ ಕವರ್ (ಒಳಗಿನ ಕಬ್ಬಿಣವನ್ನು ಮುಚ್ಚುವ ಕಾಂಕ್ರೀಟ್ ಪದರ) ಬರೆದುಕೊಟ್ಟರು. ಉಪ್ಪು ನೀರು ಎರಚುವ ಜಾಗಕ್ಕೆ ಕಾಂಕ್ರೀಟಿನ ಭಾರತೀಯ ಕೋಡ್ ಐಎಸ್ 456 ಹೇಳುವುದೇ ಅಷ್ಟು. ಕಂಟ್ರಾಕ್ಟರ್ ತಂದದ್ದು 25 ಎಂಎಂ ಕವರ್ ಬ್ಲಾಕ್. ಎಲ್ಲ ಕಡೆ ಅದನ್ನೇ ಹಾಕುವುದು ಸರ್ ಅಂದ. ಎರಡು ದಿನ ಜಗಳ ಆಡಿ ಬದಲಾಯಿಸಿದೆ. ಆ ಜಗಳ ಗೆದ್ದ ಖುಷಿಯಲ್ಲಿ ದೊಡ್ಡ ತಪ್ಪು ಕಣ್ಣಿಗೆ ಬೀಳಲಿಲ್ಲ. ಓಣಿ ಕಡೆ ಲಾರಿ ತಿರುಗಲು ಜಾಗ ಬೇಕು ಅಂತ ಲೇಬರ್ ಶೆಡ್ ಮತ್ತು ಸಿಮೆಂಟ್ ಗೋಡೌನ್ ಎರಡನ್ನೂ ಕಡಲಿನ ಕಡೆ ತೆಂಗಿನ ಮರಗಳ ಕೆಳಗೆ ಹಾಕಿಸಿದ್ದೆ. ಸೈಟ್ ಲೇಔಟಿನಲ್ಲಿ ನನ್ನದೇ ಸೈನ್ ಉಂಟು. ಹುಡುಗರಿಗೆ ಗಾಳಿ ಬರಲಿ ಅಂತಲೂ ಅಂದಿದ್ದೆ.

ಮೇ 14 ಅಕ್ಷಯ ತೃತೀಯ. ಡೆಕ್ಕಿನ ಕಾಲಮ್‌ಗಳ ಬುಡದ ಫೂಟಿಂಗಿಗೆ ಅವತ್ತೇ ಕಾಂಕ್ರೀಟ್ ಬೀಳಬೇಕು ಅಂತ ಕ್ಲೈಂಟ್ ಹಟ. ಅರಬ್ಬಿ ಸಮುದ್ರದಲ್ಲಿ ತೌಕ್ತೆ ಚಂಡಮಾರುತ ಎದ್ದಿತ್ತು, ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟಿತ್ತು. ಮತ್ತೆ ಲಾಕ್‌ಡೌನ್ ಬೇರೆ. ಸೈಟಿನಲ್ಲೇ ಉಳಿದ ಕೆಲಸದವರು ಇದ್ದರೆ ಕೆಲಸ ನಡೆಸಬಹುದಿತ್ತು, ನಮ್ಮಲ್ಲಿ ಆರು ಜನ ಇದ್ದರು. "ಚಂಡಮಾರುತ ಗುಜರಾತಿಗೆ ಹೋಗ್ತದೆ, ಇಲ್ಲಿಗೆ ಅಲ್ಲ" ಅಂತ ಬಾಸ್ ಫೋನಿನಲ್ಲಿ ಹೇಳಿದರು. ಅದು ಸರಿಯೇ ಆಯಿತು, ಕಡೆಗೆ ಗುಜರಾತಿಗೇ ಹೋಯಿತು. ಹೋಗುವ ದಾರಿಯಲ್ಲಿ ನಮ್ಮನ್ನೂ ನೋಡಿಕೊಂಡು ಹೋಯಿತು ಅಷ್ಟೇ. ನಾನು ವಿಡಿಯೋ ಕಾಲಿನಲ್ಲಿ ನಿಂತು ಪಿಸಿಸಿ, ಅಂದರೆ ಫೂಟಿಂಗಿನ ಅಡಿಗೆ ಹಾಕುವ ಕಬ್ಬಿಣವಿಲ್ಲದ ಕಾಂಕ್ರೀಟ್ ಪದರ, ಹಾಕಿಸಿದೆ. ಗುಂಡಿಯಲ್ಲಿ ನೀರು ಒಸರುತ್ತಲೇ ಇತ್ತು, ಪಂಪ್ ನಿಲ್ಲಿಸಲು ಆಗುತ್ತಿರಲಿಲ್ಲ.

ರಾತ್ರಿ ಹನ್ನೊಂದೂಮುಕ್ಕಾಲಿಗೆ ಸೂಪರ್‌ವೈಸರ್ ಫೋನ್. ಹಿಂದೆ ಜನರೇಟರ್ ಓಡುವ ಹಾಗೆ ಶಬ್ದ. ಜನರೇಟರ್ ಅಲ್ಲ, ಸಮುದ್ರ.

"ಸರ್, ನೀರು ಶೆಡ್ಡಿನ ಹತ್ತಿರ ಬಂತು. ಏನು ಮಾಡೋದು?"

ನಾನು ಮೊಬೈಲಿನಲ್ಲಿ ಉಬ್ಬರದ ಟೈಮ್ ನೋಡಿದೆ. ಇನ್ನೇನು ಇಳಿಯಬೇಕು ಅಂತ ತೋರಿಸಿತು. "ಹತ್ತು ನಿಮಿಷ ನೋಡಿ, ಇಳೀತದೆ. ಅಷ್ಟರಲ್ಲಿ ಸಿಮೆಂಟ್ ಮೇಲೆ ತೆಗೆದು ಟಾರ್ಪಾಲ್ ಹಾಕಿಸಿ" ಅಂದೆ.

ನನ್ನ ಬಾಯಿಂದ ಬಂದದ್ದು ಇದೇ ಮಾತು. ಮೊದಲು ಸಿಮೆಂಟ್. ಆ ಉಬ್ಬರದ ಟೇಬಲಿನಲ್ಲಿ ಇರುವುದು ಚಂದ್ರ ಸೂರ್ಯರ ಲೆಕ್ಕ ಮಾತ್ರ. ಚಂಡಮಾರುತ ದೂಡಿಕೊಂಡು ಬರುವ ನೀರಿನ ಲೆಕ್ಕ ಅದರಲ್ಲಿ ಇರುವುದಿಲ್ಲ. ಇದು ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಕೇಳಿದ್ದರೆ ಬರೆಯುತ್ತಿದ್ದೆ.

ಆರು ಜನ ಆ ಕತ್ತಲಲ್ಲಿ ಐವತ್ತು ಕೆಜಿಯ ಮೂಟೆ ಹೊರಲು ಶುರು ಮಾಡಿದರು. ಫೋನ್ ಆನ್ ಆಗಿಯೇ ಇತ್ತು. ಮೂಟೆ ಬೀಳುವ ಶಬ್ದ ಕೇಳುತ್ತಿತ್ತು, ನಾನು ಎಣಿಸುತ್ತಿದ್ದೆ. ಹದಿಮೂರನೆಯದೋ ಹದಿನಾಲ್ಕನೆಯದೋ ಆಗುವಾಗ ಯಾರೋ ಕೂಗಿದರು. ತಗಡು ಹರಿದ ಶಬ್ದ. ಆಮೇಲೆ ಲೈನ್ ಕಟ್.

ಮತ್ತೆ ಮಾಡಿದೆ, ಸ್ವಿಚ್ ಆಫ್. ಕಂಟ್ರಾಕ್ಟರಿಗೆ ಮಾಡಿದೆ, ಎತ್ತಲಿಲ್ಲ. ಬಾಸ್ ಎತ್ತಿ "ಪಿಸಿಸಿ ಏನಾಯ್ತು?" ಅಂದರು. ಕರ್ಫ್ಯೂ ಇದ್ದರೂ ಬೈಕ್ ತೆಗೆಯೋಣ ಅಂತ ಗೇಟಿನ ತನಕ ಹೋದೆ, ವಾಪಸ್ ಬಂದೆ, ಮತ್ತೆ ಹೋದೆ. ಇಪ್ಪತ್ತೆರಡು ನಿಮಿಷ. ಕಾಲ್ ಲಾಗಿನಲ್ಲಿ ಅದು ಹಾಗೇ ಉಂಟು.

ಆಮೇಲೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಪಕ್ಕದ ಮನೆ ಅಜ್ಜಿಯ ಮಗ. "ನಿಮ್ಮ ಹುಡುಗರು ನಮ್ಮ ಜಗಲಿಯಲ್ಲಿದ್ದಾರೆ. ಅಮ್ಮ ಬೈದು ಕರ್ಕೊಂಡು ಬಂದ್ರು. ಒಬ್ಬನ ಕಾಲಿಗೆ ತಗಡು ತಾಗಿದೆ, ಜಾಸ್ತಿ ಏನಿಲ್ಲ." ಹಿಂದಿನಿಂದ ಅಜ್ಜಿಯ ಸ್ವರವೂ ಕೇಳಿತು, ತುಳುವಿನಲ್ಲಿ ಯಾರನ್ನೋ ಬೈಯುತ್ತಿದ್ದರು. ನನ್ನನ್ನೇ ಇರಬೇಕು.

ಬೆಳಗ್ಗೆ ಪಾಸ್ ತೋರಿಸಿ ಹೋದೆ. ಎಪ್ಪತ್ತು ಹೆಜ್ಜೆ ಮರಳು ಇದ್ದ ಕಡೆ ಎದೆ ಮಟ್ಟದ ದರೆ, ಅದರ ಕೆಳಗೆ ನೇರ ನೀರು. ಶೆಡ್ ಇಲ್ಲ. ಎಂಬತ್ತು ಚೀಲ ಸಿಮೆಂಟಿನಲ್ಲಿ ಉಳಿದದ್ದು ಆ ಹದಿನಾಲ್ಕು. ಎರಡು ತೆಂಗಿನ ಮರ ಮಲಗಿದ್ದವು, ಮೂರನೆಯದರ ಬೇರು ಕೂದಲಿನ ಹಾಗೆ ಜೋತಾಡುತ್ತಿತ್ತು. ನಮ್ಮ ಪಿಸಿಸಿ ಮಾತ್ರ ಇತ್ತು. ಅಡಿಯ ಮರಳು ಹೋಗಿ, ಒಲೆಯಿಂದ ಜಾರಿದ ಕಾವಲಿಯ ಹಾಗೆ ಓರೆಯಾಗಿ ನೇತುಕೊಂಡಿತ್ತು. ಮೇಲೆ ಯಾರದೋ ಚಪ್ಪಲಿಯ ಗುರುತು, ಪಕ್ಕದಲ್ಲಿ ಬೆರಳಿನಿಂದ ಬರೆದ ಶ್ರೀ. ಹಿಂದಿನ ದಿನದ ಮುಹೂರ್ತದ್ದು.

ಹಳೇ ಪ್ಲಿಂತಿನ ತನಕ ನೀರು ಬಂದಿರಲಿಲ್ಲ. ಅದನ್ನು ಕಟ್ಟಿದವರು ಯಾರೋ, ಎಲ್ಲಿ ನಿಲ್ಲಬೇಕು ಅಂತ ಗೊತ್ತಿದ್ದವರು.

ಕ್ಲೈಂಟ್ ಮೊದಲು ಕೇಳಿದ್ದು ಇನ್ಶೂರೆನ್ಸ್. ಏಜೆಂಟ್ ಪಾಲಿಸಿಯ ಸಣ್ಣ ಅಕ್ಷರ ತೋರಿಸಿದ. ನೆಲ ಕುಸಿದರೆ ಕವರ್ ಉಂಟು, ಆದರೆ ಕಡಲ್ಕೊರೆತ, ನದಿ ಕೊರೆತ ಅದರಿಂದ ಹೊರಗೆ. ಆಮೇಲೆ ಕ್ಲೈಂಟ್ ಎದುರು ಬಂಡೆ ಹಾಕಿಸುತ್ತೇನೆ ಅಂದರು. ಅಜ್ಜಿಯ ಮಗ ಅಡ್ಡ ಬಂದ. "ನಿಮ್ಮ ಕಲ್ಲಿನ ಬುಡಕ್ಕೆ ಹೊಡೆದ ತೆರೆ ಪಕ್ಕಕ್ಕೆ ತಿರುಗಿ ನಮ್ಮ ಮನೆ ಅಡಿಯನ್ನೇ ತಿನ್ನೋದು." ಅವನು ಹೇಳಿದ್ದು ಸರಿ. ಗೋಡೆ ಮುಗಿಯುವ ಕಡೆ ಕೊರೆತ ಜೋರಾಗುತ್ತದೆ, ಈ ಕರಾವಳಿಯಲ್ಲಿ ಅದನ್ನು ಕಂಡವರಿಗೆ ಬರಗಾಲ ಇಲ್ಲ.

ಆಫೀಸಿನಲ್ಲಿ ಒಂದು "ಲೆಸನ್ಸ್ ಲರ್ನ್ಟ್" ಎಕ್ಸೆಲ್ ಶೀಟ್ ತುಂಬಲು ಕೊಟ್ಟರು. ಕಾರಣ ಅನ್ನುವ ಕಾಲಮಿನಲ್ಲಿ "ಶೆಡ್ ಜಾಗ ತಪ್ಪು, ಮಳೆಗಾಲದಲ್ಲಿ ಸೈಟ್ ನೋಡಿಲ್ಲ, ಡೆಕ್ ಹಾಕಲೇಬಾರದಿತ್ತು" ಅಂತ ಬರೆದೆ. ಮರುದಿನ ನೋಡಿದರೆ "ನ್ಯಾಚುರಲ್ ಕಲಾಮಿಟಿ" ಅಂತ ತಿದ್ದಿತ್ತು.

ಡೆಕ್ ಹೋಯಿತು. ಮನೆ ಹಳೇ ಪ್ಲಿಂತಿನಲ್ಲೇ ಎದ್ದಿತು, ಚೆನ್ನಾಗಿಯೇ ಉಂಟು. ಮಾಡಿನ ಇಳಿಜಾರು ನೋಡಲು ಓಣಿಯವರು ಈಗಲೂ ನಿಲ್ಲುತ್ತಾರೆ. ಮೇಲಿನ ಬಾಲ್ಕನಿ ರೇಲಿಂಗಿಗೆ ಉಪ್ಪು ಗಾಳಿಯನ್ನು ಹೆಚ್ಚು ತಡೆಯುವ 316 ದರ್ಜೆಯ ಸ್ಟೀಲ್ ನಾನು ಕೇಳಿದ್ದೆ, ಬಾಸ್ "ವ್ಯಾಲ್ಯೂ ಇಂಜಿನಿಯರಿಂಗ್" ಅಂತ ಅದಕ್ಕಿಂತ ಅಗ್ಗದ 304 ಹಾಕಿಸಿದರು. ಎಂಟೇ ತಿಂಗಳಲ್ಲಿ ಚಹಾ ಚೆಲ್ಲಿದ ಹಾಗೆ ಕಂದು ಕಲೆ. ಕ್ಲೈಂಟ್ ಅದರ ಫೋಟೋ ತಿಂಗಳಿಗೊಂದು ವಾಟ್ಸಾಪ್ ಮಾಡುತ್ತಾರೆ. ಬಾಸಿಗಲ್ಲ, ನನಗೆ.

ಈ ಫೆಬ್ರವರಿಯಲ್ಲಿ ಮರವಂತೆ ಕಡೆಯಿಂದ ಒಬ್ಬರು ಫೋನ್ ಮಾಡಿದರು. ಬೀಚ್ ತುಂಬಾ ಅಗಲ ಉಂಟು ಸರ್, ಡ್ರೋನ್ ವಿಡಿಯೋ ಕಳಿಸಿದ್ದೇನೆ, ಯಾವಾಗ ಬರ್ತೀರಿ ಅಂದರು. ಜುಲೈ ಕೊನೆಗೆ ಬರ್ತೇನೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಗಾಜಿನ ಕ್ಯಾಬಿನ್ನಿನಿಂದ ಬಾಸ್ ನನ್ನನ್ನೇ ನೋಡುತ್ತಿದ್ದರು, ಅವರ ತಲೆಯ ಹಿಂದೆ ಅದೇ ಫೋಟೋ. "ನೋಡಿ ಹೇಳ್ತೇನೆ ಸರ್" ಅಂತ ಮರವಂತೆಯವರು ಫೋನ್ ಇಟ್ಟರು. ಆಮೇಲೆ ಮಾಡಲಿಲ್ಲ.