ಒಂದೇ ಬಲ್ಬು, ಮೂರು ರೋಧ

ಕಳೆದ ಶನಿವಾರ ಚಿಂತಾಮಣಿ ತಾಲ್ಲೂಕಿನ ಪ್ರೌಢಶಾಲೆಯೊಂದರ ವಿಜ್ಞಾನ ವಸ್ತುಪ್ರದರ್ಶನಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಜ್ವಾಲಾಮುಖಿ, ಹನಿ ನೀರಾವರಿ, ಥರ್ಮೋಕೋಲಿನ ಮಳೆನೀರು ಕೊಯ್ಲಿನ ಮನೆ ಎಲ್ಲವೂ ಎಂದಿನಂತೆಯೇ ಇದ್ದವು. ಕೊನೆಯ ಮೇಜಿನ ಮೇಲೆ ಮಾತ್ರ ಒಂದು 100 ವ್ಯಾಟಿನ ಹಳೆಯ ಬಗೆಯ ಬಲ್ಬು ಮತ್ತು ಎರಡು ಮಲ್ಟಿಮೀಟರುಗಳಿದ್ದವು. ಅವುಗಳ ಹಿಂದೆ ನಿಂತಿದ್ದ ಹತ್ತನೆಯ ತರಗತಿಯ ಹುಡುಗಿ ಆ ಒಂದೇ ಬಲ್ಬಿಗೆ ಚಾರ್ಟಿನಲ್ಲಿ ಮೂರು ರೋಧಗಳನ್ನು, ಅಂದರೆ ವಿದ್ಯುತ್ ಪ್ರವಾಹಕ್ಕೆ ಬಲ್ಬು ಒಡ್ಡುವ ತಡೆಯ ಮೂರು ಅಳತೆಗಳನ್ನು, ಬರೆದಿದ್ದಳು: 38 ಓಮ್, 487 ಓಮ್, 530 ಓಮ್.

ನನ್ನೊಡನೆ ಇದ್ದ ಇನ್ನೊಬ್ಬ ತೀರ್ಪುಗಾರರು ದೀರ್ಘಕಾಲ ವಿಜ್ಞಾನ ಬೋಧಿಸಿ ನಿವೃತ್ತರಾದವರು.

"ಇದರಲ್ಲಿ ಯಾವುದಮ್ಮ ಸರಿ?" ಎಂದು ಕೇಳಿದರು.

"ಮೂರೂ ಸರಿ ಸರ್."

"ಒಂದು ಬಲ್ಬಿಗೆ ಒಂದೇ ರೋಧ ಇರೋದು. 230 ವೋಲ್ಟಿನ ವರ್ಗವನ್ನು 100 ವ್ಯಾಟಿನಿಂದ ಭಾಗಿಸು, ಎಷ್ಟು ಬರುತ್ತೆ?"

"529 ಸರ್."

"ಮತ್ತೆ ಈ 38 ಎಲ್ಲಿಂದ ಬಂತು? ನಿನ್ನ ಮೀಟರ್ ಕೆಟ್ಟಿದೆ."

"ಮೀಟರ್ ಕೆಟ್ಟಿಲ್ಲ ಸರ್. ಆಗ ಬಲ್ಬು ಆರಿತ್ತು."

ಆಗ ಬಲ್ಬು ಆರಿತ್ತು. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ವಿಭಾಗದ ಹುಡುಗರಿಗೆ ನಾನು ಒಂದು ಅವಧಿ ಪೂರ್ತಿ ವಿವರಿಸುವ ವಿಷಯವನ್ನು ಅವಳು ಮೂರು ಪದಗಳಲ್ಲಿ ಮುಗಿಸಿದ್ದಳು. ಹಿರಿಯರು ಅದನ್ನು ಕಿವಿಗೆ ಹಾಕಿಕೊಳ್ಳದೆ ಹತ್ತಕ್ಕೆ ನಾಲ್ಕು ಅಂಕ ಬರೆದು ಮುಂದಿನ ಮೇಜಿಗೆ ನಡೆದರು. ಅವರು ಕೆಟ್ಟವರೇನಲ್ಲ; ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗಳನ್ನು ಮಾತ್ರ ಕೇಳಿ ಅಭ್ಯಾಸವಾದವರು.

ಹುಡುಗಿಯ ತಂದೆಗೆ ಮೋಟಾರ್ ರಿವೈಂಡಿಂಗ್ ಅಂಗಡಿಯಿದೆ. ಬಲ್ಬು ಕೂಡ ಆ ಅಂಗಡಿಯಲ್ಲಿ ಮೋಟಾರು ಪರೀಕ್ಷಿಸುವ ಸೀರೀಸ್ ಬೋರ್ಡಿನದೇ. ಒಂದು ಮೀಟರನ್ನು ವೋಲ್ಟೇಜಿಗಾಗಿ ಬಲ್ಬಿನ ಎರಡು ತುದಿಗಳಿಗೆ ಸಮಾಂತರವಾಗಿ ಜೋಡಿಸಿ, ಇನ್ನೊಂದರ ಕೆಂಪು ತಂತಿಯನ್ನು 10 ಆಂಪಿಯರಿನ ತೂತಿಗೆ ಬದಲಿಸಿ ಸರಣಿಯಲ್ಲಿ ಸೇರಿಸಿ, ತಂದೆಯನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಅಳೆದಿದ್ದಳು. ಮಧ್ಯಾಹ್ನ ಅಂಗಡಿಯಲ್ಲಿ 228 ವೋಲ್ಟ್, 0.43 ಆಂಪಿಯರ್, ಭಾಗಿಸಿದರೆ 530 ಓಮ್, ಗುಣಿಸಿದರೆ 98 ವ್ಯಾಟ್. ಸಂಜೆ ಊರಿನಲ್ಲಿ ವೋಲ್ಟೇಜು 190ಕ್ಕೆ ಇಳಿದಾಗ 0.39 ಆಂಪಿಯರ್, ಆಗ ರೋಧ 487, ಸಾಮರ್ಥ್ಯ 74 ವ್ಯಾಟ್. ರೋಧ 529ರಲ್ಲೇ ನಿಂತಿದ್ದರೆ 190 ವೋಲ್ಟಿಗೆ 68 ವ್ಯಾಟ್ ಮಾತ್ರ ಬರಬೇಕಿತ್ತು. ವೋಲ್ಟೇಜು ಇಳಿದಾಗ ಟಂಗ್‌ಸ್ಟನ್ ತಂತುವಿನ ಬಿಸಿ ತಗ್ಗುತ್ತದೆ, ಅದರೊಂದಿಗೆ ರೋಧವೂ ತಗ್ಗುತ್ತದೆ.

ಇನ್ನು ಆ 38. ಅದನ್ನು ಬಲ್ಬು ತಣ್ಣಗಿದ್ದಾಗ ಮೀಟರನ್ನು ಓಮ್‌ಗೆ ತಿರುಗಿಸಿ ನೇರವಾಗಿ ಅಳೆದದ್ದು. ರೋಧ ಅಷ್ಟೇ ಉಳಿದಿದ್ದರೆ 228 ವೋಲ್ಟಿಗೆ 6 ಆಂಪಿಯರ್ ಹರಿದು, ಆ ಪುಟ್ಟ ಗಾಜಿನ ಬುರುಡೆ 1,368 ವ್ಯಾಟ್ ನುಂಗಬೇಕಾಗುತ್ತಿತ್ತು. ಸ್ವಿಚ್ಚು ಒತ್ತಿದ ಕ್ಷಣದಲ್ಲಿ ನಿಜಕ್ಕೂ ಅಂಥದೊಂದು ಪ್ರವಾಹ ನುಗ್ಗುತ್ತದೆ. ಕಣ್ಣಿಗೆ ಕಾಣುವಷ್ಟರಲ್ಲಿ ತಂತು ಕಾದು, ಎರಡು ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಿ, ರೋಧ ಹದಿನಾಲ್ಕು ಪಟ್ಟು ಏರಿ ಪ್ರವಾಹವನ್ನು ಹಿಡಿತಕ್ಕೆ ತರುತ್ತದೆ. ಹಳೆಯ ಬಲ್ಬುಗಳು ಹೆಚ್ಚಾಗಿ ಸ್ವಿಚ್ಚು ಹಾಕಿದ ಗಳಿಗೆಯಲ್ಲೇ ಫಟ್ಟೆಂದು ಹೋಗುತ್ತಿದ್ದುದರ ಕಾರಣವೂ ಇದೇ.

ವೋಲ್ಟೇಜು ಮತ್ತು ಪ್ರವಾಹ ನೇರ ಅನುಪಾತದಲ್ಲಿ ಇರುವುದು ತಾಪ ಬದಲಾಗದಿದ್ದಾಗ ಎಂಬ ಷರತ್ತು ಪಠ್ಯಪುಸ್ತಕದಲ್ಲಿಯೂ ಇದೆ, ಆದರೆ ಬೋರ್ಡಿನ ಮೇಲೆ ಸೂತ್ರ ಬರೆಯುವ ಅವಸರದಲ್ಲಿ ಷರತ್ತು ಉದುರಿಹೋಗಿ ಭಾಗಾಕಾರ ಮಾತ್ರ ಉಳಿಯುತ್ತದೆ. ಈ ನಿಯಮವನ್ನು ಕಂಡುಕೊಂಡ ಓಮ್ ಕೂಡ ಜರ್ಮನಿಯ ಕಲೋನ್ ನಗರದ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. 1827ರಲ್ಲಿ ಅವನು ಪ್ರಕಟಿಸಿದ ಪುಸ್ತಕವನ್ನು ಸ್ವದೇಶದ ಪಂಡಿತರು ತಣ್ಣಗೆ ತಳ್ಳಿಹಾಕಿದರು; ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲೆ ಪದಕ ಕೊಡುವ ಹೊತ್ತಿಗೆ 1841 ಆಗಿತ್ತು. ತೀರ್ಪುಗಾರರ ತಳಿ ಹಳೆಯದು.

ಇಂಥ ಷರತ್ತುಗಳನ್ನು ಮರೆತದ್ದರ ಬೆಲೆಯನ್ನು ನಮ್ಮ ಜಿಲ್ಲೆಯಲ್ಲಿ ರೈತರು ತೆರುತ್ತಾರೆ. ಸಾವಿರ ಅಡಿಯ ಕೊಳವೆಬಾವಿಗೆ ಇಳಿಸಿದ ಮೋಟಾರಿನ ಪ್ರವಾಹವನ್ನು ಕ್ಲಾಂಪ್ ಮೀಟರಿನಲ್ಲಿ ಹಿಡಿದು, ವೋಲ್ಟೇಜನ್ನು ಅದರಿಂದ ಭಾಗಿಸಿ, ಬಂದದ್ದೇ ವೈಂಡಿಂಗಿನ, ಅಂದರೆ ಒಳಗಿನ ತಂತಿಸುರುಳಿಯ, ರೋಧ ಎಂದುಕೊಳ್ಳುವ ಎಲೆಕ್ಟ್ರಿಷಿಯನ್ನರಿದ್ದಾರೆ. ಆ ತಂತಿಯ ನಿಜವಾದ ರೋಧ ಅದಕ್ಕಿಂತ ಬಹಳ ಕಡಿಮೆ; ತಿರುಗುತ್ತಿರುವ ಮೋಟಾರು ತನ್ನೊಳಗೇ ಎದುರು ವೋಲ್ಟೇಜನ್ನು ಹುಟ್ಟಿಸುವುದರಿಂದಲೇ ಪ್ರವಾಹ ಮಿತಿಯಲ್ಲಿರುತ್ತದೆ. ಮರಳು ಸಿಕ್ಕಿ ಮೋಟಾರು ತಿರುಗದೆ ನಿಂತರೆ ಆ ಎದುರುತನ ಇಲ್ಲವಾಗಿ ಪ್ರವಾಹ ಐದಾರು ಪಟ್ಟು ಏರುತ್ತದೆ. ವೋಲ್ಟೇಜು ಇಳಿದಾಗಲೂ ಮೋಟಾರು ಬಲ್ಬಿನಂತೆ ಕಡಿಮೆ ಪ್ರವಾಹ ಎಳೆಯುವುದಿಲ್ಲ. ಅದೇ ನೀರನ್ನು ಎತ್ತಬೇಕಾದ್ದರಿಂದ ಇನ್ನೂ ಹೆಚ್ಚು ಎಳೆದು ವೈಂಡಿಂಗನ್ನು ಕಾಯಿಸುತ್ತದೆ. ಸಾಮರ್ಥ್ಯದ ಲೆಕ್ಕದಲ್ಲಿಯೂ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಸಾಲದು, ಪವರ್ ಫ್ಯಾಕ್ಟರಿನಿಂದಲೂ, ಅಂದರೆ ಅದರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲಿನಿಂದಲೂ, ಗುಣಿಸಬೇಕು. ಎರಡು ಮೀಟರುಗಳ ಓದಿನಷ್ಟೇ ಮುಖ್ಯವಾದದ್ದು, ಓದಿದಾಗ ಆ ವಸ್ತು ಯಾವ ಸ್ಥಿತಿಯಲ್ಲಿತ್ತು ಎಂಬುದು. ಹುಡುಗಿಯ ಚಾರ್ಟಿನಲ್ಲಿ ಪ್ರತಿ ಅಂಕಿಯ ಪಕ್ಕದಲ್ಲಿ ಅದೂ ಇತ್ತು: "ಆರಿದಾಗ", "ಸಂಜೆ", "ಮಧ್ಯಾಹ್ನ".

ನಾನು ಒಂಬತ್ತು ಅಂಕ ಕೊಟ್ಟೆ. ಅಷ್ಟಾದರೂ ಬಹುಮಾನ ಜ್ವಾಲಾಮುಖಿಗೆ ಹೋಯಿತು. ಹೊರಡುವಾಗ ಅವಳು ಬಂದು, "ಪರೀಕ್ಷೆಯಲ್ಲಿ ಕೇಳಿದರೆ ಯಾವುದನ್ನು ಬರೆಯಲಿ ಸರ್?" ಎಂದಳು. "529 ಅಂತಲೇ ಬರೆಯಮ್ಮ. ಪಕ್ಕದಲ್ಲಿ 'ಬಲ್ಬು ಉರಿಯುತ್ತಿರುವಾಗ' ಅಂತ ಸೇರಿಸು, ಅದಕ್ಕೆ ಯಾರೂ ಅಂಕ ಕಡಿಯೋದಿಲ್ಲ" ಎಂದೆ.

"ಕಡಿಯೋರು ಇದ್ದಾರೆ ಸರ್" ಎಂದಳು.