ಗಾರೆ ಮೆತ್ತುವ ಮುನ್ನ

ದಾವಣಗೆರೆಯ ನಮ್ಮ ಹೊಸ ಮನೆಯನ್ನು ಸ್ಮಾರ್ಟ್ ಮನೆ ಮಾಡುವ ಆಸೆ ನನ್ನದು. ಗಾರೆ ಮೆತ್ತುವ ಮೊದಲೇ ನಾನು ಹಟ ಹಿಡಿದದ್ದು ಒಂದಕ್ಕೆ: ಪ್ರತಿ ಸ್ವಿಚ್ ಪೆಟ್ಟಿಗೆಗೂ ನ್ಯೂಟ್ರಲ್, ಅಂದರೆ ಫೇಸ್ ತಂತಿಯಲ್ಲಿ ಬಂದ ಕರೆಂಟು ಮರಳುವ ತಂತಿ, ಬರಬೇಕು.

"ಸ್ವಿಚ್ಚಿಗೆ ಫೇಸ್ ಸಾಕು ಸಾರ್, ನ್ಯೂಟ್ರಲ್ ಯಾಕೆ?" ಎಂದರು ವೈರಿಂಗ್ ಮೇಸ್ತ್ರಿ. ದೀಪ ಆರಿದ್ದಾಗಲೂ ಸ್ಮಾರ್ಟ್ ಸ್ವಿಚ್ಚಿನೊಳಗೆ ಸಂದೇಶ ಹಿಡಿಯುವ ರೇಡಿಯೋ ಎಚ್ಚರವಾಗಿರಬೇಕಲ್ಲ, ಅದಕ್ಕೂ ಕರೆಂಟು ಬೇಕು ಎಂದೆ. ತಲೆಯಾಡಿಸಿ ತಂತಿ ಎಳೆದರು.

ಬಣ್ಣ ಬದಲಿಸುವ ಬಲ್ಬುಗಳ ಮೋಹ ನನಗಿಲ್ಲ. ಮೊದಲ ಕೆಲಸ ನೀರಿನದು: ಟ್ಯಾಂಕ್ ತುಂಬಿದೊಡನೆ ಮೋಟಾರು ತಾನೇ ನಿಲ್ಲಬೇಕು, ಸಂಪು ಬತ್ತಿದ್ದರೆ ಶುರುವಾಗಲೇಬಾರದು. ಮೋಟಾರು ಎಳೆಯುವ ಕರೆಂಟಿನ ಭಾರವನ್ನು ಪುಟ್ಟ ಸ್ಮಾರ್ಟ್ ರಿಲೇ, ಅಂದರೆ ಸಂದೇಶಕ್ಕೆ ಆನ್-ಆಫ್ ಆಗುವ ಸ್ವಿಚ್ಚು, ತಾಳದು. ನಡುವೆ ಕಾಂಟ್ಯಾಕ್ಟರ್ ಎಂಬ ಗಟ್ಟಿ ಸ್ವಿಚ್ಚು ಇರಲೇಬೇಕು.

ಎಲ್ಲವನ್ನೂ ಆಡಿಸಲು ಮನೆಯಲ್ಲೇ ಇರುವ ಕಂಪ್ಯೂಟರಿನಲ್ಲಿ ಹೋಮ್ ಅಸಿಸ್ಟೆಂಟ್ ಎಂಬ ತಂತ್ರಾಂಶ, ಸೆನ್ಸರುಗಳಿಗೆ ಜಿಗ್‌ಬೀ ಎಂಬ ತಂತಿಯಿಲ್ಲದ ಸಂಪರ್ಕ. ಇಂಟರ್ನೆಟ್ ಹೋದರೂ ಕೆಲಸ ನಿಲ್ಲದು. ಅಮ್ಮನ ಷರತ್ತು ಒಂದೇ, ಮೊಬೈಲ್ ಇಲ್ಲದೆಯೂ ದೀಪ ಹತ್ತಬೇಕು. ಒತ್ತುವ ಸ್ವಿಚ್ಚುಗಳನ್ನು ಒಂದೂ ಬಿಡದೆ ಉಳಿಸಿಕೊಂಡಿದ್ದೇನೆ.