ಪದವಿ ತರಗತಿಯ ಇಂಗ್ಲಿಷ್ ಪಾಠದಲ್ಲಿ ಗುಂಪು ಚಟುವಟಿಕೆ

ಬಿ.ಕಾಂ. ತರಗತಿಯಲ್ಲಿ ಎಂಬತ್ತು ಮಂದಿ ಕುಳಿತಿರುವಾಗ, ಅಧ್ಯಾಪಕರೊಬ್ಬರೇ ಮಾತನಾಡುತ್ತಾ ಹೋದರೆ ವಿದ್ಯಾರ್ಥಿಯೊಬ್ಬರಿಗೆ ಒಂದು ಪೂರ್ಣ ಇಂಗ್ಲಿಷ್ ವಾಕ್ಯ ಆಡುವ ಅವಕಾಶವೂ ಸಿಗುವುದಿಲ್ಲ. ನಾನು ಗುಂಪು ಚಟುವಟಿಕೆಯನ್ನು ನೆಚ್ಚಿಕೊಂಡದ್ದು ಈ ಸರಳ ಲೆಕ್ಕದಿಂದಲೇ ಹೊರತು ಯಾವ ತರಬೇತಿ ಶಿಬಿರದ ಪ್ರೇರಣೆಯಿಂದಲೂ ಅಲ್ಲ.

ಆದರೆ ಗುಂಪು ಮಾಡಿ ‘ಸಾಮಾಜಿಕ ಜಾಲತಾಣಗಳ ಒಳಿತು ಕೆಡುಕುಗಳನ್ನು ಚರ್ಚಿಸಿ’ ಎಂದರೆ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಬಂದವರೊಬ್ಬರು ಬರೆಯುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಅಲ್ಲಿ ಯಾರೂ ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲ. ಕೇಳಲೇಬೇಕಾದ ಸ್ಥಿತಿಯನ್ನು ತರುವ ಉಪಾಯ ಹಳೆಯದು: 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ಮನಶ್ಶಾಸ್ತ್ರಜ್ಞ ಎಲಿಯಟ್ ಅರಾನ್‌ಸನ್ ಮತ್ತು ಅವರ ಸಂಗಡಿಗರು ಪಾಠವನ್ನು ಭಾಗ ಮಾಡಿ, ಪ್ರತಿಯೊಬ್ಬರಿಗೂ ಒಂದೊಂದು ಭಾಗವನ್ನು ಮಾತ್ರ ಕೊಟ್ಟರು.

ನಾನು ಹಂಚುವುದು ಮೂರು ಬಾಡಿಗೆ ಕೋಣೆಗಳ ಕುರಿತ ನಾಲ್ಕು ಚೀಟಿಗಳನ್ನು. ಒಂದರಲ್ಲಿ ಬಾಡಿಗೆ ಮತ್ತು ಅಡ್ವಾನ್ಸ್, ಇನ್ನೊಂದರಲ್ಲಿ ಬಸ್ ಸ್ಟಾಪಿಗಿರುವ ದೂರ, ಮತ್ತೊಂದರಲ್ಲಿ ನೀರು ಬರುವ ಹೊತ್ತು, ಕೊನೆಯದರಲ್ಲಿ ಮನೆ ಮಾಲೀಕರ ಕಟ್ಟುಪಾಡು. ಚೀಟಿ ತೋರಿಸುವಂತಿಲ್ಲ, ಕೇಳಿ ತಿಳಿದು, ಒಂದು ಕೋಣೆಯನ್ನು ಆರಿಸಬೇಕು. ಡೆಸ್ಕುಗಳನ್ನು ನೆಲಕ್ಕೆ ಬಿಗಿದಿರುವುದರಿಂದ ಮುಂದಿನ ಬೆಂಚಿನ ಇಬ್ಬರು ಹಿಂದಕ್ಕೆ ತಿರುಗಿದರೆ ಗುಂಪು ಸಿದ್ಧ. ‘ರೆಂಟ್ ಎಷ್ಟು?’ ಎಂದು ಶುರುವಾಗುವ ಪ್ರಶ್ನೆ, ಎದುರಿನವರು ‘ವಿಚ್ ರೂಮ್?’ ಎಂದಾಗ, ‘ಹೌ ಮಚ್ ಈಸ್ ದ ರೆಂಟ್ ಫಾರ್ ದ ಸೆಕೆಂಡ್ ರೂಮ್?’ ಎಂಬಲ್ಲಿಗೆ ತಲುಪುತ್ತದೆ. ನೀರು ಬರುವ ಹೊತ್ತಿನ ಬಗ್ಗೆ ನಡೆಯುವಷ್ಟು ಬಿರುಸಿನ ವಾದ ಜಾಲತಾಣಗಳ ಬಗ್ಗೆ ಎಂದೂ ನಡೆದದ್ದಿಲ್ಲ.

1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ‘ಬೆಂಗಳೂರು ಯೋಜನೆ’ ಎಂಬ, ಚಟುವಟಿಕೆಗಳ ಮೂಲಕ ಇಂಗ್ಲಿಷ್ ಕಲಿಸುವ ಪ್ರಯೋಗವನ್ನು ನಡೆಸಿದ ಎನ್.ಎಸ್. ಪ್ರಭು ಅವರು, ಕಲಿಯುವವರು ತಮ್ಮತಮ್ಮಲ್ಲೇ ಇಂಗ್ಲಿಷ್ ಆಡಿದರೆ ಒಬ್ಬರ ತಪ್ಪು ಮತ್ತೊಬ್ಬರಲ್ಲಿ ಬೇರೂರೀತೆಂಬ ಕಾರಣಕ್ಕೆ ಗುಂಪು ಕೆಲಸವನ್ನು ಕಡ್ಡಾಯ ಮಾಡಲಿಲ್ಲ. ಈ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದ್ದರಿಂದಲೇ ಚರ್ಚೆಗೆ ಕೊಟ್ಟಷ್ಟೇ ಸಮಯವನ್ನು ವರದಿ ಒಪ್ಪಿಸುವುದಕ್ಕೂ ಮೀಸಲಿಡುತ್ತೇನೆ. ಯಾರು ಒಪ್ಪಿಸಬೇಕೆಂಬುದನ್ನು ಗುಂಪಿಗೆ ಬಿಡದೆ ಹಾಜರಿ ಪುಸ್ತಕ ನೋಡಿ ಕರೆಯುತ್ತೇನೆ. ಕಿವಿಗೆ ಬಿದ್ದ ತಪ್ಪು ವಾಕ್ಯಗಳನ್ನು ಯಾರ ಹೆಸರೂ ಹೇಳದೆ ಹಲಗೆಯ ಮೇಲೆ ಬರೆದು, ತಿದ್ದುವ ಕೆಲಸವನ್ನು ಇಡೀ ತರಗತಿಗೆ ಒಪ್ಪಿಸುತ್ತೇನೆ. ಚರ್ಚೆಯ ನಡುವೆ ಕನ್ನಡ ಬಂದರೆ ಅಡ್ಡಿಯಿಲ್ಲ, ವರದಿ ಮಾತ್ರ ಇಂಗ್ಲಿಷಿನಲ್ಲೇ ಇರಬೇಕು.

ಆಂತರಿಕ ಅಂಕಗಳನ್ನು ಗುಂಪಿಗೆ ಒಟ್ಟಾಗಿ ಕೊಡುವ ರೂಢಿ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ದುಡಿದವರಿಗೂ ದುಡಿಯದವರಿಗೂ ಅದು ಒಂದೇ ಬೆಲೆ ಕಟ್ಟುತ್ತದೆ. ಆರಿಸಿದ ಕೋಣೆಯ ಮಾಲೀಕರಿಗೆ ಪ್ರತಿಯೊಬ್ಬರೂ ತರಗತಿಯಲ್ಲೇ ಒಂದು ಚಿಕ್ಕ ಪತ್ರ ಬರೆಯುತ್ತಾರೆ; ನಾನು ಅಂಕ ಹಾಕುವುದು ಆ ಪತ್ರಕ್ಕೆ.